ಹೆಡ್‌ಸೆಟ್ ತೂತು ಎಲ್ಲಿ ಹೋಯಿತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಫೋನಿನ ಬ್ಯಾಟರಿ ಬಗ್ಗೆ ಬರೆಯುವಾಗ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೆ, ಹೊಸ ಫೋನಿಗೆ ಹೆಡ್‌ಸೆಟ್ ಸಿಕ್ಕಿಸಲು ತೂತಿಲ್ಲದೆ ಕಷ್ಟಪಡುವವರು ಬರೆಯಿರಿ ಎಂದು. ಬ್ಯಾಟರಿ ಬಗ್ಗೆ ಒಬ್ಬರೂ ಕೇಳಲಿಲ್ಲ. ತೂತಿನ ಬಗ್ಗೆ ಬಂದದ್ದು ರಾಶಿ. ನಮ್ಮ ಕಾಸರಗೋಡಿನಲ್ಲಿ ಇಯರ್‌ಫೋನಿಗೂ ಹೆಡ್‌ಫೋನಿಗೂ ಹೆಡ್‌ಸೆಟ್ ಅಂತಲೇ ಹೇಳುವುದು, ಹಾಗಾಗಿ ನಾನೂ ಹಾಗೇ ಬರೆಯುತ್ತೇನೆ. ತೂತಿಲ್ಲದ ಫೋನಿನ ಚಾರ್ಜಿಂಗ್ ಬಾಯಿಗೆ ಹೆಡ್‌ಸೆಟ್ ಸೇರಿಸಲು ಸಿಗುವ ಅರ್ಧ ಗೇಣಿನ ವಯರಿಗೆ ಅಂಗಡಿಯವರು ಅಡಾಪ್ಟರ್, ಕನೆಕ್ಟರ್, ಕನ್ವರ್ಟರ್ ಅಂತ ಬಾಯಿಗೆ ಬಂದದ್ದು ಹೇಳುತ್ತಾರೆ. ಹೆಸರು ಯಾವುದಾದರೂ ಒಳಗೆ ಎಲ್ಲ ಒಂದೇ ಅಂತ ನೀವು ತಿಳಿದುಕೊಳ್ಳುತ್ತೀರಿ. ಬಂದ ತಕರಾರುಗಳಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಶುರು.

ಪ್ರಶ್ನೆ: ಪೇಟೆಯಿಂದ 120 ರೂಪಾಯಿ ಕೊಟ್ಟು ಒಂದು ಟೈಪ್ ಸಿ ಕನೆಕ್ಟರ್ ತಂದೆ. ಮಗನ ಹಳೆ ಫೋನಿಗೆ ಹಾಕಿದರೆ ಚಂದ ಹಾಡುತ್ತದೆ. ನನ್ನ ಹೊಸ ಫೋನಿಗೆ ಹಾಕಿದರೆ ಸುದ್ದಿಯೇ ಇಲ್ಲ. ಅಂಗಡಿಯವನು ಫೋನ್ ಸರಿಯಿಲ್ಲ ಅನ್ನುತ್ತಾನೆ, ಫೋನ್ ರಿಪೇರಿಯವನು ಕನೆಕ್ಟರ್ ಸರಿಯಿಲ್ಲ ಅನ್ನುತ್ತಾನೆ. ಯಾರದ್ದು ಸುಳ್ಳು?
– ಅಡಿಕೆ ಕೃಷಿಕರು, ಬದಿಯಡ್ಕ

ಉತ್ತರ: ಇಬ್ಬರದ್ದೂ ಸುಳ್ಳಲ್ಲ, ಇಬ್ಬರಿಗೂ ಪೂರ್ತಿ ಗೊತ್ತಿಲ್ಲ ಅಷ್ಟೆ. ನಿಮ್ಮ ಫೋನೂ ಸರಿ ಇದೆ, ಕನೆಕ್ಟರೂ ಸರಿ ಇದೆ. ಎರಡರ ಜಾತಕ ಕೂಡಿಬಂದಿಲ್ಲ.

ಫೋನಿನೊಳಗೆ ಹಾಡು ಇರುವುದು ಬರೀ ಅಂಕಿಗಳಾಗಿ. ಹೆಡ್‌ಸೆಟ್‌ಗೆ ಅಂಕಿ ಅರ್ಥವಾಗುವುದಿಲ್ಲ, ಅದಕ್ಕೆ ಬೇಕಾದದ್ದು ಏರಿಳಿಯುವ ಕರೆಂಟು. ಆ ಅಂಕಿಯನ್ನು ಕರೆಂಟು ಮಾಡಿಕೊಡುವ ಚಿಪ್ಪಿಗೆ ಡಿಎಸಿ ಅಂತ ಹೆಸರು, ಮಾತಿನಲ್ಲಿ ಡ್ಯಾಕ್. 3.5 ಎಂಎಂನ ಉರುಟು ತೂತು ಇದ್ದ ಕಾಲದಲ್ಲಿ ಡ್ಯಾಕ್ ಫೋನಿನೊಳಗೇ ಇತ್ತು, ನಮಗೆ ಅದರ ಹೆಸರೂ ಬೇಕಿರಲಿಲ್ಲ. 2016ರಲ್ಲಿ ಐಫೋನ್ 7 ಬಂದಾಗ ಆ ತೂತು ಮುಚ್ಚಿದರು. ಆಮೇಲೆ ಒಬ್ಬೊಬ್ಬರೇ ಅದೇ ದಾರಿ ಹಿಡಿದರು, ಸ್ಯಾಮ್‌ಸಂಗ್‌ನವರು 2019ರ ನೋಟ್ 10ರಲ್ಲಿ.

ತೂತು ಹೋದ ಮೇಲೆ ಡ್ಯಾಕ್ ಎಲ್ಲಿರಬೇಕು? ಇಲ್ಲಿ ದಾರಿ ಎರಡಾಯಿತು. ಟೈಪ್ ಸಿ ಬಾಯಿಯಲ್ಲಿ 24 ಪಿನ್ನು ಇವೆ. ಕೆಲವು ಕಂಪನಿಯವರು ಡ್ಯಾಕನ್ನು ಫೋನಿನೊಳಗೇ ಉಳಿಸಿ, ಡೇಟಾ ಹೋಗುವ ಪಿನ್ನುಗಳಲ್ಲೇ ಹಾಡಿನ ಕರೆಂಟನ್ನು ಹೊರಗೆ ಬಿಟ್ಟರು. ನಿಮ್ಮ ಮಗನ ಫೋನು ಆ ಜಾತಿಯದ್ದು. ಅದಕ್ಕೆ ಬರೀ ವಯರು ಸಾಕು. ಉಳಿದವರು ಫೋನಿನಿಂದ ಅಂಕಿಯನ್ನೇ ಹೊರಗೆ ಕಳಿಸುತ್ತಾರೆ, ಡ್ಯಾಕ್ ಕನೆಕ್ಟರಿನೊಳಗೆ ಇರಬೇಕು. ನಿಮ್ಮದು ಇದು. ಯುಎಸ್‌ಬಿ ನಿಯಮದಲ್ಲಿ ಎರಡಕ್ಕೂ ಅವಕಾಶ ಇತ್ತು, ಅದಕ್ಕೇ ಯಾರನ್ನೂ ಬಯ್ಯುವ ಹಾಗಿಲ್ಲ. 2023ರ ಐಫೋನ್ 15ರಿಂದ ಐಫೋನಿಗೂ ಟೈಪ್ ಸಿ ಬಾಯಿ ಬಂತಲ್ಲ, ಅಲ್ಲಿಯೂ ಡ್ಯಾಕ್ ಇರುವ ಕನೆಕ್ಟರೇ ಆಗಬೇಕು.

ಒಮ್ಮೆ ಹಾಳಾದ ಎರಡು ಕನೆಕ್ಟರುಗಳನ್ನು ಬ್ಲೇಡಿನಿಂದ ಸೀಳಿ ನೋಡಿದ್ದೆ. ಹೊರಗಿನಿಂದ ಅವಳಿ ಮಕ್ಕಳ ಹಾಗೆ, ಅದೇ ಬಿಳಿ ಬಣ್ಣ, ಅದೇ ಉದ್ದ. ಒಂದರೊಳಗೆ ಕೂದಲಿನಂಥ ನಾಲ್ಕು ತಂತಿ ಮತ್ತು ಬೆಸುಗೆಯ ಚುಕ್ಕಿಗಳು, ಅಷ್ಟೆ. ಇನ್ನೊಂದರ ಟೈಪ್ ಸಿ ತುದಿಯಲ್ಲಿ ಉಗುರಿಗಿಂತ ಸಣ್ಣ ಹಸಿರು ಬೋರ್ಡು, ಅದರ ಮೇಲೆ ನುಚ್ಚಕ್ಕಿಯಷ್ಟು ಕಪ್ಪು ಚಿಪ್ಪು.

ಸೀಳದೆ ಗೊತ್ತು ಮಾಡುವುದು ಹೇಗೆ? ಟೈಪ್ ಸಿ ಇರುವ ಲ್ಯಾಪ್‌ಟಾಪಿಗೆ ಚುಚ್ಚಿ. ಸೌಂಡ್ ಸೆಟ್ಟಿಂಗ್‌ನಲ್ಲಿ ಹೊಸದೊಂದು ಹೆಸರು ಬಂದರೆ ಒಳಗೆ ಡ್ಯಾಕ್ ಇದೆ. ಏನೂ ಬರದಿದ್ದರೆ ಅದು ಬರೀ ವಯರು. ಡ್ಯಾಕ್ ಇರುವ ಕನೆಕ್ಟರು ಸಾಧಾರಣ ಎಲ್ಲ ಫೋನಿಗೂ ಆಗುತ್ತದೆ, ಬರೀ ವಯರಿನದ್ದು ಕೆಲವಕ್ಕೆ ಮಾತ್ರ. ಅಂಗಡಿಗೆ ಹೋಗುವಾಗ ನಿಮ್ಮ ಫೋನನ್ನೂ ಹೆಡ್‌ಸೆಟ್ಟನ್ನೂ ಜತೆಗೆ ತೆಗೆದುಕೊಂಡು ಹೋಗಿ, ಅಲ್ಲೇ ಹಾಕಿ ಕೇಳಿ, ಆಮೇಲೆ ದುಡ್ಡು ಕೊಡಿ. ಆ 120 ರೂಪಾಯಿಯದ್ದನ್ನು ಮಗನಿಗೆ ಕೊಟ್ಟುಬಿಡಿ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಬೆಳಗ್ಗೆ ವಾಕಿಂಗ್ ಹೋಗುವಾಗ ಹಳೆ ಫೋನಿನಲ್ಲಿ ಮಂಗಳೂರು ಆಕಾಶವಾಣಿ ಕೇಳುವುದು ಅಭ್ಯಾಸ. ಹೊಸ ಫೋನಿನಲ್ಲಿಯೂ ಎಫ್ಎಂ ಉಂಟು, ಆದರೆ ಅಡಾಪ್ಟರ್ ಹಾಕಿ ಹೆಡ್‌ಸೆಟ್ ಚುಚ್ಚಿದರೂ ಹೆಡ್‌ಸೆಟ್ ಹಾಕಿ ಎಂದೇ ತೋರಿಸುತ್ತದೆ. ಅದೇ ಅಡಾಪ್ಟರಿನಲ್ಲಿ ಹಾಡು ಕೇಳಿಸುತ್ತದೆ. ಇದೆಂಥ ಹಟ?
– ಕುಂಬಳೆ

ಉತ್ತರ: ಮಾಸ್ಟ್ರೇ, ಫೋನಿಗೆ ಅಲ್ಲಿ ಬೇಕಾಗಿರುವುದು ಹೆಡ್‌ಸೆಟ್‌ನ ಕಿವಿಗೆ ಇಡುವ ತುದಿಯಲ್ಲ, ವಯರು. ಹಳೆ ಫೋನಿನಲ್ಲಿ ಹೆಡ್‌ಸೆಟ್‌ನ ವಯರೇ ರೇಡಿಯೋದ ಏರಿಯಲ್ ಆಗಿ ಕೆಲಸ ಮಾಡುತ್ತಿತ್ತು. ಮಂಗಳೂರು ಆಕಾಶವಾಣಿಯ 100.3 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 3 ಮೀಟರ್. ಅದನ್ನು ಹಿಡಿಯಲು ಅದರ ಕಾಲು ಭಾಗ, ಅಂದರೆ 75 ಸೆಂಟಿಮೀಟರಿನಷ್ಟು ತಂತಿ ಇದ್ದರೆ ಒಳ್ಳೆಯದು. ಹೆಡ್‌ಸೆಟ್ ವಯರು ಮೀಟರಿಗಿಂತ ಜಾಸ್ತಿಯೇ ಇರುತ್ತದೆ. ನೀವು ಕತ್ತು ತಿರುಗಿಸಿದರೆ ದನಿ ಗರಗರ ಅನ್ನುತ್ತಿತ್ತಲ್ವಾ, ಅದಕ್ಕೆ ಕಾರಣ ಇದೇ.

ಈಗ ನಡುವೆ ಡ್ಯಾಕ್ ಬಂದು ಕೂತಿದೆ. ಅದರಿಂದ ಅಂಕಿ ದಾಟುತ್ತದೆ, ಗಾಳಿಯಲ್ಲಿ ಬರುವ ಅಲೆ ವಾಪಸ್ ದಾಟಿ ಫೋನಿನ ಎಫ್ಎಂ ಚಿಪ್ಪಿಗೆ ಹೋಗುವುದಿಲ್ಲ. ಹಾಗಾಗಿ ಬಹುತೇಕ ಫೋನುಗಳಲ್ಲಿ ಅಡಾಪ್ಟರ್ ಹಾಕಿದರೆ ರೇಡಿಯೋ ಇಲ್ಲ. 2023ರಲ್ಲಿ ಕೇಂದ್ರದ ಐಟಿ ಸಚಿವಾಲಯ ಫೋನು ತಯಾರಕರಿಗೆ ಎಫ್ಎಂ ಸೌಲಭ್ಯವನ್ನು ಮುಚ್ಚಿಡಬೇಡಿ ಅಂತ ಸಲಹೆ ಕೊಟ್ಟಿತ್ತು. ಒಳ್ಳೆಯ ಮಾತೇ. ಆದರೆ ಏರಿಯಲ್ಲೇ ಇಲ್ಲದ ಫೋನಿನಲ್ಲಿ ಎಫ್ಎಂ ಬಿಚ್ಚಿಟ್ಟು ಎಂಥ ಮಾಡುವುದು?

ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಕೇಳಬಹುದು, ಡೇಟಾ ಬೇಕು, ಮತ್ತೆ ದನಿ ಸ್ವಲ್ಪ ಹಿಂದೆ ಬೀಳುತ್ತದೆ, ಗಂಟೆ ಹೊಡೆಯುವುದು ನೋಡಿ ವಾಚು ಸರಿಮಾಡುವವರಿಗೆ ಆಗದು. ನನ್ನನ್ನು ಕೇಳಿದರೆ ಸೆಲ್ ಹಾಕುವ ಒಂದು ಕಿಸೆ ರೇಡಿಯೋ ತೆಗೆದುಕೊಳ್ಳಿ. ಆಟಿಯ ಮಳೆಗೆ ಕರೆಂಟೂ ಟವರೂ ಒಟ್ಟಿಗೆ ಹೋದಾಗ ಮಾತನಾಡುವುದು ಅದು ಒಂದೇ.

ಪ್ರಶ್ನೆ: ಬೆಳಗ್ಗೆ ಅಡಾಪ್ಟರ್ ಕೆಲಸ ಮಾಡುತ್ತದೆ, ಮಧ್ಯಾಹ್ನ ಊಟ ಮಾಡಿ ಬಂದು ಹಾಕಿದರೆ ಇಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದರೂ ಇಲ್ಲ.
– ಪೆರ್ಲ

ಉತ್ತರ: ಸೆಟ್ಟಿಂಗ್‌ನಲ್ಲಿ ಒಟಿಜಿ ಅಂತ ಹುಡುಕಿ, ಆನ್ ಮಾಡಿ. ಹೊರಗಿನ ಸಾಮಾನುಗಳನ್ನು ಫೋನಿನ ಬಾಯಿಗೆ ಚುಚ್ಚಿ ಬಳಸಲು ಬಿಡುವ ಸೌಲಭ್ಯ ಅದು. ಕೆಲವು ಫೋನುಗಳಲ್ಲಿ 10 ನಿಮಿಷ ಏನೂ ಚುಚ್ಚದೆ ಬಿಟ್ಟರೆ ಅದು ತಾನಾಗಿ ಆಫ್ ಆಗುತ್ತದೆ. ಪ್ರತಿ ಸಲ ಆನ್ ಮಾಡಬೇಕು. ಕಿರಿಕಿರಿ ಹೌದು.

ಪ್ರಶ್ನೆ: ಅಣ್ಣ ಗಲ್ಫಿನಿಂದ ಬರುವಾಗ ಐಫೋನ್ ಕಂಪನಿಯ ಒರಿಜಿನಲ್ ಟೈಪ್ ಸಿ ಅಡಾಪ್ಟರ್ ತಂದುಕೊಟ್ಟ. ಎಲ್ಲರೂ ಅದರ ದನಿ ಹೊಗಳುತ್ತಾರೆ. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಫುಲ್ ವಾಲ್ಯೂಮ್ ಇಟ್ಟರೂ ಪಕ್ಕದ ಮನೆಯಲ್ಲಿ ಹಾಡಿದ ಹಾಗೆ. ಡೂಪ್ಲಿಕೇಟ್ ಇರಬಹುದಾ? ಅಣ್ಣನ ಹತ್ತಿರ ಕೇಳಲು ನಾಚಿಕೆ.
– ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಅಣ್ಣನ ಮೇಲೆ ಸಂಶಯ ಬೇಡ ತಂಗಿ. ಅದನ್ನೇ ಲ್ಯಾಪ್‌ಟಾಪಿಗೆ ಚುಚ್ಚಿ ನೋಡು, ಕಿವಿ ಬಿರಿಯುತ್ತದೆ. ವಿಷಯ ಏನೆಂದರೆ, ಆ ಅಡಾಪ್ಟರಿನ ಚಿಪ್ಪಿನೊಳಗೆ ಅದರದ್ದೇ ಒಂದು ವಾಲ್ಯೂಮ್ ಇದೆ. ಐಫೋನು, ಲ್ಯಾಪ್‌ಟಾಪು ಅದನ್ನು ಮೇಲೆ ಏರಿಸುತ್ತವೆ. ಹಲವು ಆಂಡ್ರಾಯ್ಡ್ ಫೋನುಗಳು ಅದನ್ನು ಮುಟ್ಟುವುದೇ ಇಲ್ಲ, ತಮ್ಮ ವಾಲ್ಯೂಮ್ ಮಾತ್ರ ಏರಿಸುತ್ತವೆ. ನೀರಿನ ಟ್ಯಾಂಕಿನ ಗೇಟ್ ವಾಲ್ವ್ ಅರ್ಧ ಮುಚ್ಚಿಟ್ಟು ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿದ ಹಾಗೆ. ಚಿಪ್ಪಿನ ವಾಲ್ಯೂಮನ್ನು ನೇರ ಹಿಡಿದು ಏರಿಸುವ ಪ್ಲೇಯರ್ ಆ್ಯಪ್‌ಗಳು ಉಂಟು, ದುಡ್ಡು ಕೊಡಬೇಕು, ಮತ್ತೆ ಆ ಆ್ಯಪ್‌ನ ಒಳಗೆ ಹಾಡಿದ್ದಕ್ಕೆ ಮಾತ್ರ ಗುಣ ಸಿಗುತ್ತದೆ, ಯೂಟ್ಯೂಬಿಗೆ ಇಲ್ಲ. ಲ್ಯಾಪ್‌ಟಾಪಿಗೆ ಇದನ್ನು ಇಟ್ಟುಕೋ, ಫೋನಿಗೆ ಆಂಡ್ರಾಯ್ಡ್‌ನಲ್ಲಿ ಸರಿ ಹಾಡುವ ಬೇರೆ ಡ್ಯಾಕ್ ಕನೆಕ್ಟರ್ ತೆಗೆದುಕೋ. ಅಣ್ಣನಿಗೆ ಚೆನ್ನಾಗಿದೆ ಅಂತಲೇ ಹೇಳು, ಅದು ನಿಜವೇ ತಾನೆ.

ಪ್ರಶ್ನೆ: ಹಳೆ ಐಫೋನಿಗೆ ಕಡಿಮೆ ಬೆಲೆಯ ಅಡಾಪ್ಟರ್ ಹಾಕಿದರೆ ಬ್ಲೂಟೂತ್ ಆನ್ ಮಾಡು ಅನ್ನುತ್ತದೆ. ವಯರು ಹಾಕಿದ ಮೇಲೆ ಬ್ಲೂಟೂತ್ ಯಾಕೆ?
– ಹೊಸಂಗಡಿ

ಉತ್ತರ: ಇದು ನನಗೆ ಬಹಳ ಇಷ್ಟದ ಮೋಸ. ಹಳೆ ಐಫೋನಿನ ಬಾಯಿಗೆ ಲೈಟ್ನಿಂಗ್ ಅಂತ ಹೆಸರು, ಅದರಲ್ಲಿ ಹಾಡು ಹೊರಗೆ ಬರಬೇಕಾದರೆ ಕಂಪನಿ ಒಪ್ಪಿದ ಚಿಪ್ಪು ಬೇಕು, ಅದಕ್ಕೆ ಖರ್ಚು ಬೀಳುತ್ತದೆ. ಅಗ್ಗದವರು ಏನು ಮಾಡುತ್ತಾರೆ ಅಂದರೆ, ವಯರಿನ ತಲೆಯೊಳಗೆ ಒಂದು ಬ್ಲೂಟೂತ್ ರಿಸೀವರ್ ಕೂರಿಸಿ, ಐಫೋನಿನಿಂದ ಕರೆಂಟು ಮಾತ್ರ ಎಳೆದುಕೊಂಡು, ಹಾಡನ್ನು ಗಾಳಿಯಲ್ಲಿ ತರಿಸುತ್ತಾರೆ. ಎರಡು ಇಂಚು ದೂರಕ್ಕೆ! ಬಾಗಿಲು ತೆರೆದೇ ಇದ್ದರೂ ಮಾಡು ಹತ್ತಿ ಹೆಂಚು ತೆಗೆದು ಇಳಿದ ಹಾಗೆ ಆಯಿತು. ಹಾಡುವುದಂತೂ ಹಾಡುತ್ತದೆ, ಬೇಜಾರಿಲ್ಲದಿದ್ದರೆ ಬಳಸಿ.

ಪ್ರಶ್ನೆ: ನನ್ನ ಅಡಾಪ್ಟರಿನಲ್ಲಿ ಸಿನಿಮಾ ಹಾಡು ಹಾಕಿದರೆ ಮ್ಯೂಸಿಕ್ ಮಾತ್ರ ಬರುತ್ತದೆ, ಹಾಡುವವರ ದನಿ ಬಾವಿಯೊಳಗಿಂದ ಬಂದ ಹಾಗೆ. ತಾಳಮದ್ದಳೆಯ ರೆಕಾರ್ಡಿಂಗ್ ಹಾಕಿದರೆ ಏನೂ ಇಲ್ಲ, ಅರ್ಥಧಾರಿಗಳೆಲ್ಲ ಎದ್ದು ಹೋದ ಹಾಗೆ.
– ಉಪ್ಪಳ

ಉತ್ತರ: ಬಂದ ಪತ್ರಗಳಲ್ಲಿ ಇದೇ ಬೆಸ್ಟ್, ಯಾಕೆಂದರೆ ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ. ಹೆಡ್‌ಸೆಟ್ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಲೋಹದ ಕಡ್ಡಿಯ ಮೇಲೆ ಮೂರು ಕಪ್ಪು ಗೆರೆ, ಅಂದರೆ ನಾಲ್ಕು ತುಂಡು. ತುದಿಯದ್ದು ಎಡಕಿವಿಗೆ, ಅದರ ಹಿಂದಿನದ್ದು ಬಲಕಿವಿಗೆ, ಮೂರನೆಯದು ಕರೆಂಟು ವಾಪಸ್ ಹೋಗುವ ಗ್ರೌಂಡು, ಬುಡದ್ದು ಮೈಕಿಗೆ. ಈಗಿನ ಫೋನುಗಳ ಕ್ರಮ ಇದು. ಕೆಲವು ಹಳೆ ಹೆಡ್‌ಸೆಟ್‌ಗಳಲ್ಲಿ ಕೊನೆಯ ಎರಡು ಅದಲು ಬದಲು.

ಗ್ರೌಂಡು ಸರಿಯಾಗಿ ತಾಗದಿದ್ದರೆ ಎರಡು ಕಿವಿಯ ಕರೆಂಟು ಒಂದರ ವಿರುದ್ಧ ಒಂದು ನಿಂತು, ಎರಡರಲ್ಲೂ ಒಂದೇ ಸಮ ಇರುವುದು ಅಳಿಸಿಹೋಗುತ್ತದೆ. ಸಿನಿಮಾ ಹಾಡಿನಲ್ಲಿ ಗಾಯಕರ ದನಿಯನ್ನು ಸಾಮಾನ್ಯವಾಗಿ ನಟ್ಟನಡುವೆ, ಎರಡೂ ಕಿವಿಗೆ ಸಮಸಮ ಇಟ್ಟಿರುತ್ತಾರೆ. ಅದು ಹೋಯಿತು. ಪಿಟೀಲು, ಗಿಟಾರು ಆಚೀಚೆ ಇಟ್ಟದ್ದು ಉಳಿಯಿತು. ತಾಳಮದ್ದಳೆಯನ್ನು ಯಾರೋ ಒಂದೇ ಮೈಕಿನಲ್ಲಿ ರೆಕಾರ್ಡ್ ಮಾಡಿರುತ್ತಾರೆ, ಎರಡು ಕಿವಿಗೂ ಅದೇ ದನಿ. ಹಾಗಾಗಿ ಭಾಗವತರು, ಮದ್ದಳೆ, ಅರ್ಥಧಾರಿಗಳು ಎಲ್ಲ ಒಟ್ಟಿಗೆ ಮಾಯ.

ಪಿನ್ನನ್ನು ಕೂದಲೆಳೆಯಷ್ಟು ಹೊರಗೆ ಎಳೆದು ನೋಡಿ, ಅಥವಾ ವಯರಿನ ಮೇಲಿರುವ ಕಾಲ್ ಬಟನ್ ಒತ್ತಿ ಹಿಡಿಯಿರಿ. ದನಿ ವಾಪಸ್ ಬಂದರೆ ಇದೇ ತೊಂದರೆ. ಹೆಡ್‌ಸೆಟ್ ಬದಲಿಸಿದರೂ ಹಾಗೇ ಆಗುತ್ತಿದ್ದರೆ ಅಡಾಪ್ಟರಿನ ತೂತಿನಲ್ಲಿ ಕಸ ತುಂಬಿದೆ ಅಥವಾ ಒಳಗೆ ಗ್ರೌಂಡಿನ ತಂತಿ ಕಡಿದಿದೆ. ಕಸ ಇದ್ದರೆ ಫೋನಿನಿಂದ ಬಿಚ್ಚಿ, ಒಣ ಮರದ ಕಡ್ಡಿಯಿಂದ ಮೆಲ್ಲ ತೆಗೆಯಿರಿ. ಸೂಜಿ, ಪಿನ್ನು ಹಾಕಬೇಡಿ.

ಪ್ರಶ್ನೆ: ನಾವು ಸಂಘದಿಂದ ಯಕ್ಷಗಾನ ತರಗತಿಯ ವಿಡಿಯೋ ಮಾಡುತ್ತೇವೆ. ಅಂಗಿಗೆ ಸಿಕ್ಕಿಸುವ ಮೈಕನ್ನು ಅಡಾಪ್ಟರ್ ಮೂಲಕ ಫೋನಿಗೆ ಹಾಕಿದೆವು. ಆಮೇಲೆ ನೋಡಿದರೆ ದನಿ ಫೋನಿನ ಮೈಕಿನದ್ದೇ, ಫ್ಯಾನಿನ ಸದ್ದೂ ಸೇರಿ. ಎರಡು ಗಂಟೆ ರೆಕಾರ್ಡಿಂಗ್ ಹೋಯಿತು.
– ಮುಳ್ಳೇರಿಯ

ಉತ್ತರ: ಮತ್ತೆ ಪಿನ್ನಿನ ಗೆರೆಯನ್ನೇ ಎಣಿಸಿ. ಎರಡು ಕಪ್ಪು ಗೆರೆ ಇದ್ದರೆ ಅದು ಕ್ಯಾಮೆರಾದ ಮೈಕು, ಫೋನಿಗೆ ಅದು ಬರೀ ಕೇಳುವ ಹೆಡ್‌ಸೆಟ್‌ನಂತೆ ಕಾಣುತ್ತದೆ. ಮೂರು ಗೆರೆಗೆ ಬದಲಿಸುವ ಸಣ್ಣ ಪಿನ್ನು ಸಿಗುತ್ತದೆ. ಮೂರು ಗೆರೆ ಇದ್ದೂ ಆಗದಿದ್ದರೆ ನಿಮ್ಮ ಅಡಾಪ್ಟರಿನ ಚಿಪ್ಪಿಗೆ ಹಾಡು ಹೊರಗೆ ಬಿಡಲು ಮಾತ್ರ ಗೊತ್ತು, ಮೈಕಿನ ದನಿಯನ್ನು ಅಂಕಿ ಮಾಡಿ ಒಳಗೆ ಕಳಿಸಲು ಗೊತ್ತಿಲ್ಲ. ಡಬ್ಬಿಯ ಮೇಲೆ ಮೈಕ್ ಸಪೋರ್ಟ್ ಅಂತ ಬರೆದಿರಬೇಕು. ಎರಡೂ ಸರಿ ಇದ್ದರೂ ಕೆಲವು ಫೋನಿನ ಕ್ಯಾಮೆರಾ ಆ್ಯಪ್ ಹೊರಗಿನ ಮೈಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಮೈಕ್ ಆರಿಸಲು ಬಿಡುವ ಬೇರೆ ಆ್ಯಪ್ ಹಾಕಬೇಕು.

ಇನ್ನು ಮೇಲೆ ಶುರು ಮಾಡುವ ಮೊದಲು ಹತ್ತು ಸೆಕೆಂಡು ರೆಕಾರ್ಡ್ ಮಾಡಿ, ಅಂಗಿಯ ಮೈಕನ್ನು ಉಗುರಿನಿಂದ ಕೆರೆಯಿರಿ, ಹಾಕಿ ಕೇಳಿ. ಕರಕರ ಜೋರಾಗಿ ಕೇಳಿದರೆ ಮುಂದುವರಿಯಿರಿ. ನನ್ನದೂ ಒಂದು ಮದುವೆಯ ವಿಡಿಯೋ ಹೀಗೇ ಹೋದದ್ದು. ಆ ಮನೆಯವರು ಈಗಲೂ ದಾರಿಯಲ್ಲಿ ಸಿಕ್ಕಿದರೆ ಅದನ್ನೇ ಹೇಳುತ್ತಾರೆ.

ಪ್ರಶ್ನೆ: ದಿನಾ ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಚಾರ್ಜಿಗೆ ಹಾಕಿದರೆ ಹಾಡಿಲ್ಲ, ಹಾಡು ಕೇಳಿದರೆ ಚಾರ್ಜಿಲ್ಲ. ಎರಡೂ ಆಗುವ ಅಡಾಪ್ಟರ್ ಒಳ್ಳೆಯದಾ? ಇರುವ ಅಡಾಪ್ಟರ್ ಮೂರು ತಿಂಗಳಿಗೆ ಒಂದು ಹಾಳಾಗುತ್ತದೆ.
– ಮೊಗ್ರಾಲ್

ಉತ್ತರ: ಎರಡು ಬಾಯಿಯದ್ದು ಸಿಗುತ್ತದೆ, ಆಗುತ್ತದೆ. ಅದರಲ್ಲಿಯೂ ಡ್ಯಾಕ್ ಇರಬೇಕು. ಫಾಸ್ಟ್ ಚಾರ್ಜಿಂಗ್ ಎಲ್ಲದರಲ್ಲಿಯೂ ಸಿಗುವುದಿಲ್ಲ, ಬಸ್ಸಿನಲ್ಲಿ ಪವರ್ ಬ್ಯಾಂಕಿನಿಂದ ಹಾಕುವವರಿಗೆ ಅದು ದೊಡ್ಡ ವಿಷಯವಲ್ಲ. ಕೆಲವರಿಗೆ ಚಾರ್ಜ್ ಮಾಡುವಾಗ ಕಿವಿಯಲ್ಲಿ ಸಣ್ಣಗೆ ಗುಂಯ್ ಅನ್ನುತ್ತದೆ. ಹಾಗಾದರೆ ಚಾರ್ಜರ್ ಬದಲಿಸಿ ನೋಡಿ.

ಮೂರು ತಿಂಗಳ ವಿಷಯಕ್ಕೆ ಬರುತ್ತೇನೆ. ನೀವು ಫೋನನ್ನು ಪ್ಯಾಂಟಿನ ಕಿಸೆಗೆ ಯಾವ ಕಡೆ ಹಾಕುತ್ತೀರಿ? ಟೈಪ್ ಸಿ ಬಾಯಿ ಕೆಳಗೆ ಬರುವ ಹಾಗೆ ಹಾಕಿ ಸೀಟಿನಲ್ಲಿ ಕೂತರೆ, ದಾರಿಯ ಒಂದೊಂದು ಗುಂಡಿಗೂ ಫೋನಿನ ಭಾರ ಅಡಾಪ್ಟರಿನ ಕುತ್ತಿಗೆಗೆ ಬೀಳುತ್ತದೆ. ವಯರು ಕಡಿಯುವುದು ಯಾವಾಗಲೂ ಆ ಕುತ್ತಿಗೆಯಲ್ಲೇ, ಮೊದಲು ಒಂದು ಕಿವಿ ಹೋಗುತ್ತದೆ, ವಯರು ತಿರುಚಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಬಾಯಿ ಮೇಲೆ ಮಾಡಿ ಅಂಗಿಯ ಕಿಸೆಗೆ ಹಾಕಿ. ಅಡಾಪ್ಟರ್ ಹೋದರೆ ಹೋಗಲಿ, ಅದರ ಜತೆ ಫೋನಿನ ಬಾಯಿ ಸಡಿಲವಾದರೆ ಖರ್ಚು ಜಾಸ್ತಿ. ಕೇಳಿ ಆದ ಮೇಲೆ ಬಿಚ್ಚಿಡಿ, ಸುಮ್ನೆ ಸಿಕ್ಕಿಸಿಟ್ಟರೂ ಅದು ಸ್ವಲ್ಪ ಸ್ವಲ್ಪ ಬ್ಯಾಟರಿ ಕುಡಿಯುತ್ತಿರುತ್ತದೆ. ಮಳೆಗಾಲದಲ್ಲಿ ಒದ್ದೆ ಕೈಯಿಂದ ಚುಚ್ಚಬೇಡಿ. ತೇವ ಇದೆ ಎಂದು ಫೋನು ಹೇಳಿದರೆ ಒಣಗಲು ಬಿಡಿ. ಅಕ್ಕಿ ಡಬ್ಬಿಗೆ ಹಾಕಬೇಡಿ, ಅಕ್ಕಿಯ ಹುಡಿ ಒಳಗೆ ಹೋಗುತ್ತದೆ.

ಪ್ರಶ್ನೆ: 8,000 ರೂಪಾಯಿಯ ಪೋರ್ಟಬಲ್ ಡ್ಯಾಕ್ ತೆಗೆದುಕೊಳ್ಳಲು ಗೆಳೆಯರು ಹೇಳುತ್ತಿದ್ದಾರೆ. ದನಿಯಲ್ಲಿ ಭೂಮಿ ಆಕಾಶ ವ್ಯತ್ಯಾಸ ಅಂತೆ.
– ಕಾಸರಗೋಡು

ಉತ್ತರ: ನಿಮ್ಮ ಹೆಡ್‌ಸೆಟ್ ಯಾವುದು ಅಂತ ಬರೆದಿಲ್ಲ. ಹೆಡ್‌ಸೆಟ್ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅನ್ನುವುದರ ಅಳತೆ ಓಮ್. 16 ಅಥವಾ 32 ಓಮ್‌ನ ಸಾಧಾರಣ ಹೆಡ್‌ಸೆಟ್ ಆದರೆ ಬೇಡ. ಸ್ಟುಡಿಯೋದಲ್ಲಿ ಬಳಸುವ 250, 300 ಓಮ್‌ನ ದೊಡ್ಡ ಹೆಡ್‌ಫೋನ್ ಇದ್ದರೆ ಹೌದು, ಸಣ್ಣ ಕನೆಕ್ಟರಿಗೆ ಅದನ್ನು ಎಳೆಯುವ ತ್ರಾಣವಿಲ್ಲ, ದನಿ ಮೇಲೇಳುವುದಿಲ್ಲ.

ನಾನು ಒಮ್ಮೆ ಗೆಳೆಯರೊಬ್ಬರ ಅಂಥ ಡ್ಯಾಕ್ ತಂದು, ತಂಗಿಯ ಮಗನನ್ನು ಕೂರಿಸಿದೆ. ಅವನು ಅದನ್ನೂ ಸಾಧಾರಣ ಕನೆಕ್ಟರನ್ನೂ ನನಗೆ ಕಾಣದ ಹಾಗೆ ಬದಲಿಸುತ್ತಾ ಹೋದ. ಎರಡರದ್ದೂ ವಾಲ್ಯೂಮ್ ಸಮ ಮಾಡಿಕೊಂಡಿದ್ದೆವು, ಅದು ಮುಖ್ಯ, ಯಾಕೆಂದರೆ ಸ್ವಲ್ಪ ಜೋರಾಗಿರುವುದೇ ಕಿವಿಗೆ ಒಳ್ಳೆಯದು ಅನ್ನಿಸುತ್ತದೆ. ಯಾವುದು ಹಾಡುತ್ತಿದೆ ಅಂತ ಹತ್ತರಲ್ಲಿ ಆರು ಸಲ ಸರಿ ಹೇಳಿದೆ. ಖುಷಿಪಡುವಷ್ಟರಲ್ಲಿ ಹುಡುಗ ಹೇಳಿದ, ಮಾವ, ನಾಣ್ಯ ಚಿಮ್ಮಿದರೂ ಐದು ಬರುತ್ತಿತ್ತು. ಆ 8,000ದಲ್ಲಿ ಒಳ್ಳೆಯ ಹೆಡ್‌ಸೆಟ್ ತೆಗೆದುಕೊಳ್ಳಿ, ವ್ಯತ್ಯಾಸ ನಿಮಗೂ ಕೇಳಿಸುತ್ತದೆ, ಪಕ್ಕದಲ್ಲಿ ಕೂತವರಿಗೂ ಹೇಳಬಹುದು.

ಪ್ರಶ್ನೆ: ಮಗ ಬ್ಲೂಟೂತ್ ಬಡ್ಸ್ ಕೊಟ್ಟಿದ್ದ. ತೋಟದಲ್ಲಿ ಒಂದು ಜಾರಿ ತೋಡಿಗೆ ಬಿತ್ತು. ಇನ್ನೊಂದನ್ನು ಏನು ಮಾಡುವುದು? ವಯರಿನದ್ದೇ ವಾಸಿಯಾ?
– ಎಣ್ಮಕಜೆ

ಉತ್ತರ: ಅಕ್ಕ, ಉಳಿದದ್ದು ಒಂದೇ ಕಿವಿಗೆ ಹಾಡುತ್ತದೆ, ಫೋನ್ ಮಾತಿಗೆ ಸಾಕು. ತೋಟದ ಕೆಲಸಕ್ಕೆ ಕುತ್ತಿಗೆಗೆ ಹಾಕುವ ನೆಕ್‌ಬ್ಯಾಂಡ್ ಒಳ್ಳೆಯದು, ಬಿದ್ದರೂ ನೇತಾಡುತ್ತದೆ. ಹಳೆ ವಯರಿನ ಹೆಡ್‌ಸೆಟ್ ಇಷ್ಟವಾದರೆ, ಅಂಗಿಗೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ರಿಸೀವರ್ ಬರುತ್ತದೆ, ಅದರಲ್ಲಿ ಉರುಟು ತೂತು ಉಂಟು, ಹೆಡ್‌ಸೆಟ್ ಅದಕ್ಕೆ ಚುಚ್ಚಿ, ಫೋನು ಜಗಲಿಯಲ್ಲೇ ಇರಲಿ, ತುಂಬ ದೂರ ಹೋಗದಿದ್ದರೆ ಆಯಿತು. ಕೂತು ಅಡಿಕೆ ಸುಲಿಯುವಾಗ ಗಂಟೆಗಟ್ಟಲೆ ಕೇಳುವವರಿಗೆ ವಯರಿನದ್ದೇ ಆರಾಮ, ಅದಕ್ಕೆ ಬೇರೆ ಚಾರ್ಜ್ ಬೇಡವಲ್ಲ.

ಪ್ರಶ್ನೆ: ಎಲ್ಲ ಸರಿ, ಅಂಗಡಿಯಲ್ಲಿ ಏನೆಂದು ಕೇಳಬೇಕು? ಅಲ್ಲಿ ಇರುವ ಹುಡುಗನಿಗೆ ಮಲಯಾಳ ಮಾತ್ರ ಬರುವುದು.
– ನೀರ್ಚಾಲು

ಉತ್ತರ: ಟೈಪ್ ಸಿ ಕನೆಕ್ಟರ್ ಕೈಯಲ್ಲಿ ಹಿಡಿದು, ಡ್ಯಾಕ್ ಉಂಡೋ ಅಂತ ಕೇಳಿ. ತುಳುವಿನವನಾದರೆ ಡ್ಯಾಕ್ ಉಂಡಾ. ನಮ್ಮವನಾದರೆ ಡ್ಯಾಕ್ ಉಂಟಾ. ಎಲ್ಲ ಭಾಷೆಯಲ್ಲಿಯೂ ಮೊದಲ ಉತ್ತರ ಉಂಟು ಅಂತಲೇ ಬರುತ್ತದೆ, ಅದಕ್ಕೇ ಫೋನು, ಹೆಡ್‌ಸೆಟ್ ಕಿಸೆಯಿಂದ ತೆಗೆದು ಹಾಕಿ ನೋಡಿ.